ಕಣದ ರಾಶಿ ಅಳೆಯುವವರು ಯಾರು?

ಮೊನ್ನೆ ಒಂದು ಮದುವೆಯ ಮನೆಯಲ್ಲಿ ಊಟದ ಪಂಕ್ತಿಗೆ ಕುಳಿತಿದ್ದಾಗ ಹಿರಿಯರೊಬ್ಬರು ಒಂದು ಮಾತು ಆಡಿದರು: "ಈಗ ಕೆಲಸವಿಲ್ಲದವರೆಲ್ಲ ವಿಡಿಯೊ ಮಾಡುತ್ತಾರೆ. ಅಷ್ಟಕ್ಕೇ ನಿಂತಿದ್ದರೆ ಸರಿ. ಅದಕ್ಕೆ ನ್ಯಾಯವಾದ ಪ್ರತಿಫಲ ಬೇರೆ ಬೇಕಂತೆ! ಮಾಡಿರಪ್ಪಾ ಎಂದು ಇವರನ್ನು ಕರೆದವರು ಯಾರು?" ಅಕ್ಕಪಕ್ಕದವರು ನಕ್ಕರು. ಹೋಳಿಗೆಯ ಮೇಲೆ ತುಪ್ಪ ಬಿತ್ತು. ಮಾತು ಬೇರೆ ಕಡೆಗೆ ಹೊರಳಿತು.

ನನಗೆ ನಗು ಬರಲಿಲ್ಲ. ಆ ಹಿರಿಯರ ಮನೆಯನ್ನು ನಾನು ಬಲ್ಲೆ. ಅವರ ಮೊಮ್ಮಗ ಎಸ್.ಎಸ್.ಎಲ್.ಸಿ. ಗಣಿತದಲ್ಲಿ ದಡ ಸೇರಿದ್ದು ಎಂದೂ ಭೇಟಿಯಾಗದ ಯಾವುದೋ ಊರಿನ ಮೇಷ್ಟರ ವಿಡಿಯೊ ಪಾಠಗಳಿಂದ. ಅವರ ಶ್ರೀಮತಿಯವರ ಮಂಡಿನೋವಿನ ವ್ಯಾಯಾಮ, ಸೊಸೆ ಕಲಿತ ಹೊಸ ಅಡುಗೆ, ಮಗ ತಾನೇ ಮಾಡಿಕೊಂಡ ನೀರಿನ ಮೋಟಾರಿನ ರಿಪೇರಿ, ಸ್ವತಃ ಅವರೇ ಸಂಜೆ ಕಣ್ಣುಮುಚ್ಚಿ ಕೇಳುವ ಗಮಕವಾಚನ, ಎಲ್ಲವೂ ಬಂದದ್ದು ಅದೇ ಅಂಗೈಯಗಲದ ಪೆಟ್ಟಿಗೆಯಿಂದ. ಈ "ಕೆಲಸವಿಲ್ಲದವರು" ಒಂದು ವಾರ ಕೈಕಟ್ಟಿ ಕುಳಿತರೆ ಆ ಮನೆಯ ಎಷ್ಟೋ ಕೆಲಸಗಳು ನಿಂತುಹೋಗುತ್ತವೆ.

ಪಂಕ್ತಿಯಲ್ಲಿ ನಗದಿದ್ದವರು ಇನ್ನೊಬ್ಬರಿದ್ದರು. ಅವರು ನಿವೃತ್ತ ಕನ್ನಡ ಪಂಡಿತರು. ಮೂರು ವರ್ಷಗಳಿಂದ ಹಳಗನ್ನಡ ವ್ಯಾಕರಣದ ಪಾಠಗಳನ್ನು ವಿಡಿಯೊ ಮಾಡಿ ಒಂದು ತಾಣದಲ್ಲಿ ಹಾಕುತ್ತ ಬಂದಿದ್ದಾರೆ. ಕೈ ತೊಳೆಯುವಾಗ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: "ಹಣಕ್ಕೆಂದು ನಾನು ಶುರುಮಾಡಿದ್ದಲ್ಲ ಸ್ವಾಮಿ. ಆದರೆ ಮೊನ್ನೆ ಮಗಳ ಮೊಬೈಲಿನಲ್ಲಿ ನನ್ನ ಪಾಠವನ್ನು ನಾನೇ ತೆರೆದು ನೋಡಿದೆ. ಸಂಧಿಪ್ರಕರಣ ಆರಂಭವಾಗುವುದಕ್ಕೆ ಮೊದಲು ಚಿನ್ನದ ಮೇಲಿನ ಸಾಲದ ಜಾಹೀರಾತು. ನಡುವೆ ಸೋಪಿನ ಜಾಹೀರಾತು. ಜಾಹೀರಾತಿನ ಹಣ ಪಡೆಯುವ ಅರ್ಹತೆ ನಿಮ್ಮ ಚಾನೆಲಿಗೆ ಇನ್ನೂ ಬಂದಿಲ್ಲ ಎಂದು ಅವರೇ ನನಗೆ ತಿಳಿಸಿದ್ದರು. ನನಗೆ ಅರ್ಹತೆ ಬಂದಿಲ್ಲ, ಆಗಲಿ. ನನ್ನ ಪಾಠದ ಮೇಲೆ ಹಣ ಎಣಿಸುವ ಅರ್ಹತೆ ಅವರಿಗೆ ಹೇಗೆ ಬಂತು?"

ನಾನು ಇದುವರೆಗೆ ಕೇಳಿದ ವಾದಗಳಲ್ಲಿ ಈ ಪ್ರಶ್ನೆಯಷ್ಟು ನೇರವಾದದ್ದು ಬೇರೊಂದಿಲ್ಲ. ಪಂಡಿತರ ಪಾಠ ಯಾವ ತಾಣದಲ್ಲಿದೆ ಎಂಬುದು ಇಲ್ಲಿ ಮುಖ್ಯವಲ್ಲ, ಪದ್ಧತಿ ಮುಖ್ಯ. ಪದ್ಧತಿಯನ್ನು ತಿಳಿಯುವುದಕ್ಕೆ ಈ ವ್ಯವಹಾರದಲ್ಲಿ ಎಲ್ಲರಿಗೂ ಹಿರಿಯಣ್ಣನಾದ ಯೂಟ್ಯೂಬು ತಾನೇ ಪ್ರಕಟಿಸಿರುವ ನಿಯಮಗಳನ್ನು ನೋಡಿದರೆ ಸಾಕು.

ಯೂಟ್ಯೂಬ್ ಹುಟ್ಟಿದ್ದು ೨೦೦೫ರಲ್ಲಿ. ಮರುವರ್ಷವೇ ಗೂಗಲ್ ಕಂಪೆನಿ ಅದನ್ನು ೧೬೫ ಕೋಟಿ ಡಾಲರಿಗೆ ಕೊಂಡುಕೊಂಡಿತು. ೨೦೦೭ರಲ್ಲಿ, ವಿಡಿಯೊ ಮಾಡಿದವರಿಗೂ ಜಾಹೀರಾತಿನ ಆದಾಯದಲ್ಲಿ ಪಾಲು ಕೊಡುವ ಏರ್ಪಾಡು ಬಂತು. ಇದು ಮೆಚ್ಚಬೇಕಾದ ಕೆಲಸವೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಇಂದು ಆ ಏರ್ಪಾಡಿಗೆ ಸೇರಿದವರಿಗೆ ದೊಡ್ಡ ವಿಡಿಯೊಗಳ ಜಾಹೀರಾತಿನಲ್ಲಿ ನೂರಕ್ಕೆ ೫೫ರಷ್ಟು ಸಿಗುತ್ತದೆ. ಉಳಿದ ೪೫ ಕಂಪೆನಿಗೆ. ಶಾರ್ಟ್ಸ್ ಎಂಬ ಕಿರುವಿಡಿಯೊಗಳಿಗೆ ೨೦೨೩ರ ಫೆಬ್ರವರಿಯಿಂದ ಪಾಲು ಕೊಡುತ್ತಿದ್ದಾರೆ. ಅಲ್ಲಿ ಲೆಕ್ಕ ತಿರುವುಮುರುವು: ಮಾಡಿದವನಿಗೆ ೪೫, ಕಂಪೆನಿಗೆ ೫೫.

ಆದರೆ ಈ ಏರ್ಪಾಡಿನ ಬಾಗಿಲಿಗೆ ಒಂದು ಹೊಸ್ತಿಲಿದೆ. ಆ ಹೊಸ್ತಿಲು ಕಾಲಕಾಲಕ್ಕೆ ಎತ್ತರವಾಗುತ್ತ ಬಂದಿದೆ. ೨೦೧೭ರ ಏಪ್ರಿಲಿನಲ್ಲಿ, ಒಟ್ಟು ಹತ್ತು ಸಾವಿರ ವೀಕ್ಷಣೆಗಳಾಗಬೇಕು ಎಂದರು. ೨೦೧೮ರ ಜನವರಿಯಲ್ಲಿ, ಸಾವಿರ ಮಂದಿ ಚಂದಾದಾರರು ಬೇಕು, ಹನ್ನೆರಡು ತಿಂಗಳಲ್ಲಿ ಜನ ನಾಲ್ಕು ಸಾವಿರ ಗಂಟೆ ನೋಡಿರಬೇಕು ಎಂದರು. ಕಿರುವಿಡಿಯೊಗಳ ದಾರಿಯಲ್ಲಿ ಬರುವವರಿಗೆ ತೊಂಬತ್ತು ದಿನಗಳಲ್ಲಿ ಒಂದು ಕೋಟಿ ವೀಕ್ಷಣೆ. ೨೦೨೩ರಲ್ಲಿ ಐನೂರು ಚಂದಾದಾರರ ಒಂದು ಚಿಕ್ಕ ಮೆಟ್ಟಿಲನ್ನು ಕಟ್ಟಿದರು, ನಿಜ. ಆ ಮೆಟ್ಟಿಲ ಮೇಲೆ ನಿಂತವರು ನೋಡುವವರಿಂದ ಕಾಣಿಕೆ ಪಡೆಯಬಹುದು. ಜಾಹೀರಾತಿನ ಪಾಲು ಮಾತ್ರ ಸಿಗದು.

ನಾಲ್ಕು ಸಾವಿರ ಗಂಟೆಯೆಂದರೆ ಎಷ್ಟು? ಎರಡು ಲಕ್ಷ ನಲವತ್ತು ಸಾವಿರ ನಿಮಿಷ. ಪಂಡಿತರ ಹದಿನೈದು ನಿಮಿಷದ ಪಾಠವನ್ನು ಒಬ್ಬೊಬ್ಬರು ಸರಾಸರಿ ಐದು ನಿಮಿಷ ನೋಡಿದರೆಂದು ಇಟ್ಟುಕೊಳ್ಳಿ. ವರ್ಷಕ್ಕೆ ನಲವತ್ತೆಂಟು ಸಾವಿರ ಸಲ ಯಾರಾದರೂ ಹಳಗನ್ನಡ ವ್ಯಾಕರಣವನ್ನು ತೆರೆಯಬೇಕು. ಲೋಕದ ಮೂಲೆಮೂಲೆಯಲ್ಲಿ ಕೇಳುಗರಿರುವ ಇಂಗ್ಲಿಷಿನವನಿಗೂ ಇದೇ ಹೊಸ್ತಿಲು. ೨೦೧೧ರ ಜನಗಣತಿಯಂತೆ ೪ ಕೋಟಿ ೩೭ ಲಕ್ಷ ಮಂದಿಗೆ ಮಾತೃಭಾಷೆಯಾದ ಕನ್ನಡದವನಿಗೂ ಇದೇ. ಅಳತೆ ಎಲ್ಲರಿಗೂ ಒಂದೇ ಎಂಬುದು ಕೇಳುವುದಕ್ಕೆ ಸಮಾನತೆಯಂತಿದೆ. ಆನೆಗೂ ಆಡಿಗೂ ಒಂದೇ ಎತ್ತರದ ತೊಟ್ಟಿಯಲ್ಲಿ ನೀರಿಟ್ಟು, ಇಬ್ಬರಿಗೂ ಸಮನಾಗಿ ಇಟ್ಟಿದ್ದೇವೆ ಎನ್ನುವ ಸಮಾನತೆ ಅದು.

ಇಷ್ಟಾದರೂ ಸಹಿಸಬಹುದಿತ್ತು. ಹೊಸ್ತಿಲು ದಾಟದವನಿಗೆ ಪಾಲಿಲ್ಲ, ಹಾಗೆಯೇ ಅವನ ವಿಡಿಯೊದ ಮೇಲೆ ಜಾಹೀರಾತೂ ಇಲ್ಲ ಎನ್ನುವುದಾದರೆ ಅದರಲ್ಲಿ ಒಂದು ಮರ್ಯಾದೆಯಿರುತ್ತಿತ್ತು. ೨೦೨೦ರ ನವೆಂಬರಿನಲ್ಲಿ ಅಮೆರಿಕದಲ್ಲಿ, ಮರುವರ್ಷ ಉಳಿದ ದೇಶಗಳಲ್ಲಿ ಆ ಮರ್ಯಾದೆಯೂ ಹೋಯಿತು. ಯೂಟ್ಯೂಬ್ ತನ್ನ ಕರಾರಿಗೆ ಒಂದು ಹೊಸ ಷರತ್ತು ಸೇರಿಸಿತು: ಏರ್ಪಾಡಿಗೆ ಸೇರದ ಚಾನೆಲುಗಳ ವಿಡಿಯೊಗಳ ಮೇಲೂ ಜಾಹೀರಾತು ಹಾಕುವ ಹಕ್ಕು ತನಗಿದೆ, ಅದರ ಹಣದಲ್ಲಿ ಮಾಡಿದವರಿಗೆ ಪಾಲಿಲ್ಲ. ಹೊಸ್ತಿಲ ಒಳಗಿರುವವನ ಬೆಳೆಯಲ್ಲಿ ಕಂಪೆನಿಗೆ ನೂರಕ್ಕೆ ೪೫. ಹೊರಗಿರುವ ಬಡವನ ಬೆಳೆಯಲ್ಲಿ ನೂರಕ್ಕೆ ನೂರು!

ನಮ್ಮ ಹಳ್ಳಿಗಳಲ್ಲಿ ಹಿಂದೆ ವಾರಕ್ಕೆ ಹೊಲ ಮಾಡುವ ಪದ್ಧತಿಯಿತ್ತು. ನೆಲ ಒಡೆಯನದು, ದುಡಿಮೆ ಒಕ್ಕಲಿನದು. ಬೆಳೆಯಲ್ಲಿ ಇಬ್ಬರಿಗೂ ಪಾಲು. ಅದು ನ್ಯಾಯವಾದ ಪದ್ಧತಿಯಾಗಿತ್ತೆಂದು ನಾನು ಹೇಳಲಾರೆ. ನ್ಯಾಯವಲ್ಲವೆಂದೇ ೧೯೭೪ರಲ್ಲಿ ಜಾರಿಗೆ ಬಂದ ಕರ್ನಾಟಕದ ಭೂಸುಧಾರಣೆ ಗೇಣಿಯ ಬೇರನ್ನೇ ಕಿತ್ತಿತು. ಆದರೂ ಆ ಪದ್ಧತಿಗೂ ಎರಡು ನಡವಳಿಕೆಗಳಿದ್ದವು. ಒಂದು, ಬೆಳೆ ಕಡಿಮೆಯಾಯಿತೆಂದು ಒಕ್ಕಲಿಗೆ ಪಾಲೇ ಇಲ್ಲವೆನ್ನುವಂತಿರಲಿಲ್ಲ. ಹತ್ತು ಖಂಡುಗ ಬೆಳೆದರೆ ಹತ್ತು ಖಂಡುಗದಲ್ಲಿ ಪಾಲು. ಹತ್ತು ಕೊಳಗ ಬೆಳೆದರೆ ಹತ್ತು ಕೊಳಗದಲ್ಲಿ ಪಾಲು. ಇನ್ನೊಂದು, ರಾಶಿ ಅಳೆಯುವಾಗ ಒಕ್ಕಲು ಕಣದಲ್ಲಿ ನಿಂತಿರುತ್ತಿದ್ದ. ಒಡೆಯನ ಆಳು ಕೊಳಗವನ್ನು ಒತ್ತಿ ಅಳೆದರೂ ಅವನ ಕಣ್ಣೆದುರಿಗೇ ಒತ್ತಬೇಕಾಗಿತ್ತು. ಇಂದಿನ ಈ ಹೊಸ ಒಡೆತನದಲ್ಲಿ ಎರಡು ನಡವಳಿಕೆಗಳೂ ಇಲ್ಲ. ಚಿಕ್ಕ ಬೆಳೆಗೆ ಪಾಲಿಲ್ಲ. ದೊಡ್ಡ ಬೆಳೆಯವನಿಗೆ ಕಣದ ಬಳಿ ಪ್ರವೇಶವಿಲ್ಲ.

ಲೆಕ್ಕವನ್ನೇ ಕೊಡುವುದಿಲ್ಲವೆಂದು ನಾನು ಹೇಳುತ್ತಿಲ್ಲ. ಏರ್ಪಾಡಿಗೆ ಸೇರಿದವರಿಗೆ ಅಂಕಿಗಳ ಪಟ್ಟಿಯೊಂದನ್ನು ತೋರಿಸುತ್ತಾರೆ. ಎಷ್ಟು ಮಂದಿ ನೋಡಿದರು, ಸಾವಿರ ವೀಕ್ಷಣೆಗೆ ಎಷ್ಟು ಬಂತು ಎಂಬುದೆಲ್ಲ ಅದರಲ್ಲಿರುತ್ತದೆ. ಆದರೆ ಜಾಹೀರಾತುದಾರರಿಂದ ಹಣ ಪಡೆಯುವವರು ಅವರೇ, ಅದರ ಹರಾಜು ನಡೆಸುವವರು ಅವರೇ, ಯಾವ ವಿಡಿಯೊ ಯಾರ ಕಣ್ಣಿಗೆ ಬೀಳಬೇಕೆಂದು ತೀರ್ಮಾನಿಸುವ ಯಂತ್ರ ಅವರದೇ, ಕೊನೆಗೆ ಪಟ್ಟಿ ಬರೆಯುವವರೂ ಅವರೇ. ಕೊಳಗ ಅವರದು, ಅಳೆಯುವ ಕೈ ಅವರದು, ಎಣಿಸುವ ಬಾಯಿಯೂ ಅವರದು. ಹೊರಗಿನ ಲೆಕ್ಕಪರಿಶೋಧಕನೊಬ್ಬ ಬಂದು, "ಹೌದು, ಈ ಚಾನೆಲಿನ ರಾಶಿ ಇಷ್ಟೇ" ಎಂದು ಸಹಿ ಹಾಕುವ ಸೌಕರ್ಯ ಪಂಡಿತರಂಥವರಿಗಿಲ್ಲ. ಚಿಕ್ಕ ಸಹಕಾರ ಸಂಘದ ಸದಸ್ಯನಿಗೂ ಲೆಕ್ಕಪರಿಶೋಧನೆಯ ರಕ್ಷಣೆಯಿರುವ ನಾಡಿನಲ್ಲಿ ಇದು ವಿಚಿತ್ರವೆನಿಸುವುದಿಲ್ಲವೆ?

ಈಗ ಎದುರುವಾದಗಳನ್ನು ನೋಡೋಣ. ಅವು ಬಲವಿಲ್ಲದವೇನೂ ಅಲ್ಲ.

ಮೊದಲನೆಯದು, ಮದುವೆಯ ಮನೆಯ ಹಿರಿಯರದು: ಇವರನ್ನು ಕರೆದವರು ಯಾರು? ಉತ್ತರ ಸುಲಭ. ಕರೆದವರು ಆ ಕಂಪೆನಿಗಳೇ. "ನೀವೂ ಮಾಡಿ, ಹಾಕಿ, ಬೆಳೆಯಿರಿ" ಎಂದು ಡಂಗುರ ಸಾರಿದ್ದು ಅವರೇ. ೨೦೨೪ರಲ್ಲಿ ಯೂಟ್ಯೂಬಿಗೆ ಜಾಹೀರಾತಿನಿಂದಲೇ ಬಂದದ್ದು ೩,೬೦೦ ಕೋಟಿ ಡಾಲರಿಗೂ ಹೆಚ್ಚು. ಜನ ಅಲ್ಲಿಗೆ ಜಾಹೀರಾತು ನೋಡುವುದಕ್ಕೆಂದು ಹೋದರೆ? ಪಾಠ ಕೇಳಲು ಹೋದರು, ಹಾಡು ಕೇಳಲು ಹೋದರು, ನಗಲು ಹೋದರು. ಜಾತ್ರೆಗೆ ಜನ ಬರುವುದು ತೇರಿಗಾಗಿ, ಅಂಗಡಿಗಳ ಸಾಲಿನ ಬಾಡಿಗೆ ವಸೂಲಿ ಮಾಡುವವನು ತೇರು ಕಟ್ಟಿದವರನ್ನು "ನಿಮ್ಮನ್ನು ಕರೆದವರು ಯಾರು?" ಎಂದು ಕೇಳಬಾರದು.

ಎರಡನೆಯದು, ಖರ್ಚಿನ ವಾದ. ಕೋಟ್ಯಂತರ ವಿಡಿಯೊಗಳನ್ನು ಕಾಪಿಡಬೇಕು, ಲೋಕದ ತುದಿಗೂ ತಲುಪಿಸಬೇಕು. ಯಂತ್ರ, ವಿದ್ಯುತ್ತು, ಸಿಬ್ಬಂದಿ ಎಲ್ಲಕ್ಕೂ ಹಣ ಬೇಕು. ಸತ್ಯವಾದ ಮಾತು. ಆ ಖರ್ಚಿಗೆಂದೇ ನೂರಕ್ಕೆ ೪೫ನ್ನು ಅವರು ಇಟ್ಟುಕೊಳ್ಳುತ್ತಾರೆ. ನಾವು ತಕರಾರು ಮಾಡುವುದಿಲ್ಲ. ಆದರೆ ದೊಡ್ಡವನ ವಿಡಿಯೊವನ್ನು ೪೫ರಲ್ಲಿ ಸಾಕಬಲ್ಲ ಕಂಪೆನಿಗೆ ಚಿಕ್ಕವನ ವಿಡಿಯೊವನ್ನು ಸಾಕಲು ಪೂರ್ತಿ ನೂರೂ ಏಕೆ ಬೇಕು? ಜಾಹೀರಾತೇ ಬೀಳದ ವಿಡಿಯೊಗಳ ಖರ್ಚನ್ನು ಹೀಗೆ ತುಂಬಿಕೊಳ್ಳುತ್ತೇವೆ ಎಂದರೆ, ಬಡವರ ಖರ್ಚನ್ನು ಬಡವರಿಂದಲೇ ವಸೂಲಿ ಮಾಡಿ ಶ್ರೀಮಂತರ ಪಾಲನ್ನು ಮುಟ್ಟದೆ ಬಿಟ್ಟಂತಾಯಿತು. ಇಂಥ ಅರ್ಥಶಾಸ್ತ್ರವನ್ನು ಯಾವ ಬಜೆಟ್ಟಿನಲ್ಲಾದರೂ ಮಂಡಿಸಿದರೆ ಸಭೆಯಲ್ಲಿ ಗದ್ದಲವಾದೀತು.

ಮೂರನೆಯದು, ಮೋಸದ ವಾದ. ೨೦೧೭ರಲ್ಲಿ ಆಕ್ಷೇಪಾರ್ಹ ವಿಡಿಯೊಗಳ ಪಕ್ಕದಲ್ಲಿ ತಮ್ಮ ಹೆಸರು ಕಾಣಿಸಿಕೊಂಡಿತೆಂದು ದೊಡ್ಡ ದೊಡ್ಡ ಜಾಹೀರಾತುದಾರರು ಯೂಟ್ಯೂಬನ್ನು ಬಿಟ್ಟು ಹೋದರು. ಕದ್ದ ವಿಡಿಯೊ ಹಾಕಿ ಹಣ ಎಳೆಯುವವರೂ ಇದ್ದಾರೆ. ಹಾಗಾಗಿ ಹೊಸ್ತಿಲು ಬೇಕು ಎನ್ನುತ್ತಾರೆ. ಒಪ್ಪೋಣ. ಪರೀಕ್ಷೆ ಮಾಡಲಿ, ಗುರುತು ಕೇಳಲಿ, ಕಾಯಿಸಲಿ. ಬ್ಯಾಂಕಿನಲ್ಲಿ ಸಹಿ ಹೊಂದದಿದ್ದರೆ ಚೆಕ್ಕನ್ನು ತಡೆಹಿಡಿಯುತ್ತಾರೆ. ಹಾಗೆಂದು ಆ ಹಣವನ್ನು ಮ್ಯಾನೇಜರು ತಮ್ಮ ಜೇಬಿಗೆ ಇಳಿಸಿಕೊಳ್ಳುವುದಿಲ್ಲ. ತಡೆಹಿಡಿಯುವುದು ಬೇರೆ, ನುಂಗುವುದು ಬೇರೆ. ಇಟ್ಟುಕೊಂಡು ಆಮೇಲೆ ಕೊಡುವುದು ಅಸಾಧ್ಯವೆಂದೂ ಅವರು ಹೇಳುವಂತಿಲ್ಲ. ಏರ್ಪಾಡಿಗೆ ಸೇರಿದವನ ಗಳಿಕೆ ನೂರು ಡಾಲರು ತುಂಬುವವರೆಗೆ ಅವನ ಖಾತೆಯಲ್ಲೇ ಕೂಡಿಕೊಂಡಿರುತ್ತದೆ. ತುಂಬಿದ ಮೇಲೆ ಕಳಿಸುತ್ತಾರೆ. ಅದೇ ಖಾತೆಯ ಪುಸ್ತಕವನ್ನು ಮೊದಲನೆಯ ಜಾಹೀರಾತಿನ ದಿನದಿಂದಲೇ ತೆರೆಯುವುದಕ್ಕೆ ಅಡ್ಡಿ ಏನು? ಚಾನೆಲ್ ಮೋಸದ್ದೆಂದು ತಿಳಿದರೆ ಹಣವನ್ನು ಜಾಹೀರಾತುದಾರನಿಗೆ ಹಿಂದಿರುಗಿಸಲಿ. ಪ್ರಾಮಾಣಿಕವೆಂದು ತಿಳಿದರೆ ಬಾಕಿಯಷ್ಟನ್ನೂ ಕೊಡಲಿ. ಎರಡು ಸಂದರ್ಭಗಳಲ್ಲೂ ಹಣ ಕಂಪೆನಿಯಲ್ಲಿ ಉಳಿಯಲು ಕಾರಣವೇ ಇಲ್ಲ.

ನಾಲ್ಕನೆಯದು, ಔದಾರ್ಯದ ವಾದ. "ಇಷ್ಟೊಂದು ಕೊಟ್ಟಿದ್ದೇವಲ್ಲ!" ೨೦೨೫ರ ಮೇ ತಿಂಗಳಲ್ಲಿ ಮುಂಬಯಿಯ ಒಂದು ಸಮ್ಮೇಳನದಲ್ಲಿ ಯೂಟ್ಯೂಬಿನ ಮುಖ್ಯಾಧಿಕಾರಿ ನೀಲ್ ಮೋಹನ್ ಅವರು, ಹಿಂದಿನ ಮೂರು ವರ್ಷಗಳಲ್ಲಿ ಭಾರತದ ವಿಡಿಯೊಕಾರರಿಗೆ, ಕಲಾವಿದರಿಗೆ ಮತ್ತು ಮಾಧ್ಯಮ ಕಂಪೆನಿಗಳಿಗೆ ೨೧,೦೦೦ ಕೋಟಿ ರೂಪಾಯಿಗೂ ಮಿಕ್ಕಿ ಕೊಟ್ಟಿದ್ದೇವೆಂದು ಹೇಳಿದರು. ದೊಡ್ಡ ಮೊತ್ತವೇ ಸರಿ. ಆದರೆ ಆ ವಾಕ್ಯದ ಕೊನೆಯ ಎರಡು ಪದಗಳನ್ನು ಓದುಗರು ಗಮನಿಸಬೇಕು. ಮಾಧ್ಯಮ ಕಂಪೆನಿಗಳಿಗೆ, ಎಂದರೆ ದೊಡ್ಡ ಟೆಲಿವಿಷನ್ನಿನವರಿಗೆ, ಸಂಗೀತದ ಮಾರಾಟಗಾರರಿಗೆ ಎಷ್ಟು ಹೋಯಿತು? ಮನೆಯ ಪಡಸಾಲೆಯಲ್ಲಿ ದೀಪ ಹಚ್ಚಿಟ್ಟುಕೊಂಡು ಪಾಠ ಹೇಳುವವರಿಗೆ ಎಷ್ಟು ಬಂತು? ಆ ಮಾತಿನಲ್ಲಿ ವಿಂಗಡಣೆಯಿಲ್ಲ. ಅದೇ ಸಮ್ಮೇಳನದಲ್ಲಿ, ಒಂದು ವರ್ಷದಲ್ಲಿ ಭಾರತದ ಹತ್ತು ಕೋಟಿಗೂ ಹೆಚ್ಚು ಚಾನೆಲುಗಳು ವಿಡಿಯೊ ಹಾಕಿವೆ, ಅವುಗಳಲ್ಲಿ ಹತ್ತು ಲಕ್ಷ ಚಂದಾದಾರರನ್ನು ದಾಟಿದವು ಹದಿನೈದು ಸಾವಿರಕ್ಕೂ ಹೆಚ್ಚು ಎಂದೂ ಹೇಳಿದರು. ಹತ್ತು ಕೋಟಿಯಲ್ಲಿ ಹದಿನೈದು ಸಾವಿರ! ತೇರಿನ ಕಳಶವನ್ನು ತೋರಿಸಿ ತೇರಿನ ಗಾಲಿಯ ಸ್ಥಿತಿಯನ್ನು ಮರೆಸಲಾಗದು. ಚಿಕ್ಕವನೊಬ್ಬನಿಗೆ ಸಲ್ಲಬೇಕಾದದ್ದು ವರ್ಷಕ್ಕೆ ಕೆಲವು ನೂರು ರೂಪಾಯಿ ಇರಬಹುದು, ಕೆಲವು ಹತ್ತೇ ಇರಬಹುದು. ಹನಿಗೂಡಿದರೆ ಹಳ್ಳವೆಂಬುದು ನಮಗಿಂತ ಚೆನ್ನಾಗಿ ಕಂಪೆನಿಗೆ ತಿಳಿದಿದೆ. ತಿಳಿದಿರುವುದರಿಂದಲೇ ಆ ಹನಿಗಳನ್ನು ಅದು ಬಿಟ್ಟುಕೊಡುವುದಿಲ್ಲ.

ಔದಾರ್ಯ ಮತ್ತು ಪಾಲು ಇವೆರಡರ ಅಂತರವನ್ನು ಇನ್ನೊಂದು ತಾಣದ ಕತೆ ಚೆನ್ನಾಗಿ ತೋರಿಸುತ್ತದೆ. ಭಾರತದಲ್ಲಿ ಟಿಕ್‌ಟಾಕ್ ನಿಷೇಧವಾದ ೨೦೨೦ರಲ್ಲೇ ಅಮೆರಿಕದಲ್ಲಿ ಆ ಕಂಪೆನಿ ವಿಡಿಯೊ ಮಾಡುವವರಿಗೆಂದು ಒಂದು ನಿಧಿಯನ್ನು ಘೋಷಿಸಿತು. ಜನ ಜಯಕಾರ ಹಾಕಿದರು. ೨೦೨೨ರ ಜನವರಿಯಲ್ಲಿ ಹ್ಯಾಂಕ್ ಗ್ರೀನ್ ಎಂಬ ಹೆಸರಾಂತ ವಿಡಿಯೊಕಾರರು ಅದರ ಒಳಗುಟ್ಟನ್ನು ಬಿಡಿಸಿ ಹೇಳಿದರು. ನಿಧಿ ಗೊತ್ತಾದ ಮೊತ್ತದ್ದು. ಕಂಪೆನಿಯ ಆದಾಯ ಬೆಳೆದರೂ ಅದು ಬೆಳೆಯದು. ಮಾಡುವವರು ಹೆಚ್ಚಿದಷ್ಟೂ ತಲೆಗೆ ಬರುವ ಪಾಲು ಕುಗ್ಗುತ್ತದೆ. ಬೆಳೆ ಹೆಚ್ಚಿದರೂ ಒಂದೇ ಪಾತ್ರೆ ಗಂಜಿಯನ್ನು ಹೆಚ್ಚು ಹೆಚ್ಚು ಆಳುಗಳಿಗೆ ಹಂಚಿದಂತೆ. ೨೦೨೩ರ ಕೊನೆಗೆ ಕಂಪೆನಿಯೇ ಆ ನಿಧಿಯನ್ನು ಮುಚ್ಚಿ ಬೇರೊಂದು ಏರ್ಪಾಡಿಗೆ ತಿರುಗಿತು. ದಾನಕ್ಕೆ ಕೈ ಮುಗಿಯಬೇಕು. ಪಾಲಿಗೆ ಲೆಕ್ಕ ಕೇಳಬೇಕು. ನಾವು ಕೇಳುತ್ತಿರುವುದು ಎರಡನೆಯದನ್ನು.

ಐದನೆಯ ವಾದವೇ ಎಲ್ಲಕ್ಕಿಂತ ಗಟ್ಟಿಯಾದದ್ದೆಂದು ವಕೀಲ ಮಿತ್ರರು ಹೇಳುತ್ತಾರೆ: "ಅವರೇ ಒಪ್ಪಿ ಗುಂಡಿ ಒತ್ತಿದ್ದಾರಲ್ಲ!" ವಿಡಿಯೊ ಹಾಕುವ ಮುನ್ನ ಉದ್ದನೆಯ ಕರಾರೊಂದು ತೆರೆಯುತ್ತದೆ, ಒಪ್ಪುತ್ತೇನೆ ಎಂದು ಒತ್ತದೆ ಒಳಗೆ ಹೋಗುವಂತಿಲ್ಲ. ಒತ್ತಿದ ಮೇಲೆ ಮುಗಿಯಿತು ಎಂಬುದು ವಾದ.

ಮುಗಿಯುವುದಿಲ್ಲ. ಒಪ್ಪಿ ಸಹಿ ಹಾಕಿದರೂ ಬಿಟ್ಟುಕೊಡಲಾಗದ ಹಕ್ಕು ಒಂದಿದೆಯೆಂದು ನಮ್ಮ ದೇಶದ ಕಾನೂನು ಈಗಾಗಲೇ ಹೇಳಿದೆ. ಚಲನಚಿತ್ರದ ಹಾಡು ಬರೆದವರ, ರಾಗ ಕಟ್ಟಿದವರ ಕತೆಯನ್ನು ನೆನೆಯಿರಿ. ನಿರ್ಮಾಪಕ ಒಮ್ಮೆ ಹಣ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದ. ಹಾಡು ಮನೆಮನೆಯಲ್ಲಿ ಮೊಳಗುತ್ತಿದ್ದರೂ ಬರೆದವರ ಮನೆಗೆ ಮತ್ತೆ ಕಾಸು ಬರುತ್ತಿರಲಿಲ್ಲ. ಕರಾರಿನಲ್ಲಿ ಬೇರೆ ರೀತಿ ಹೇಳಿರದಿದ್ದರೆ ಹಕ್ಕು ನಿರ್ಮಾಪಕನದೇ ಎಂದು ೧೯೭೭ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆಗಲೂ "ಒಪ್ಪಿ ಸಹಿ ಹಾಕಿದ್ದಾರಲ್ಲ" ಎಂಬುದೇ ಉತ್ತರವಾಗಿತ್ತು. ಮೂವತ್ತೈದು ವರ್ಷ ಕಳೆದ ಮೇಲೆ, ೨೦೧೨ರಲ್ಲಿ, ಪಾರ್ಲಿಮೆಂಟು ೧೯೫೭ರ ಕೃತಿಸ್ವಾಮ್ಯ ಶಾಸನವನ್ನು ತಿದ್ದಿತು. ಚಿತ್ರಮಂದಿರದ ಹೊರಗೆ ಹಾಡು ಬಳಕೆಯಾದಾಗ ಬರುವ ರಾಯಲ್ಟಿಯಲ್ಲಿ ಬರೆದವನಿಗೂ ರಾಗ ಕಟ್ಟಿದವನಿಗೂ ಸಮಪಾಲು ಸಲ್ಲಬೇಕು. ಆ ಪಾಲನ್ನು ಅವರು ಸಹಿ ಹಾಕಿ ನಿರ್ಮಾಪಕನಿಗೆ ಬಿಟ್ಟುಕೊಟ್ಟರೂ ಆ ಬಿಟ್ಟುಕೊಡುಗೆ ನಡೆಯದು ಎಂದು ವಿಧಿಸಿತು. ಬಲಿಷ್ಠನ ಎದುರಿಗೆ ದುರ್ಬಲನ ಸಹಿ ಪೂರ್ತಿ ಸಹಿಯಲ್ಲ ಎಂಬುದೇ ಅದರ ತಿರುಳು. ಸಿನಿಮಾದ ಕವಿಗೆ ಸಲ್ಲುವ ಈ ತತ್ತ್ವ ವಿಡಿಯೊ ಮಾಡುವ ವ್ಯಾಕರಣದ ಮೇಷ್ಟರಿಗೆ ಏಕೆ ಸಲ್ಲಬಾರದು? ಇನ್ನು ಮೂವತ್ತೈದು ವರ್ಷ ಕಾಯಬೇಕೆ?

ಇದು ದುಡಿಮೆಯೇ ಅಲ್ಲ ಎನ್ನುವವರಿಗೂ ಒಂದು ಮಾತು. ಜರ್ಮನಿಯಲ್ಲಿ ಯೋರ್ಗ್ ಸ್ಪ್ರಾವೆ ಎಂಬ ವಿಡಿಯೊಕಾರರು ೨೦೧೮ರಲ್ಲಿ ಯೂಟ್ಯೂಬರ್‌ಗಳ ಸಂಘ ಕಟ್ಟಿದಾಗ ಜನ ನಕ್ಕಿರಬಹುದು. ಮರುವರ್ಷ ಅವರ ಜೊತೆ ಕೈಜೋಡಿಸಿದ್ದು ಐ.ಜಿ. ಮೆಟಾಲ್, ಕಾರ್ಖಾನೆಗಳ ಲೋಹದ ಕೆಲಸಗಾರರ ಭಾರಿ ಸಂಘ. ಕುಲುಮೆಯ ಮುಂದೆ ನಿಂತವರಿಗೆ ಇದು ದುಡಿಮೆಯೆಂದು ಕಂಡಿತು. ನಮ್ಮ ಊಟದ ಪಂಕ್ತಿಗೆ ಕಾಣಲಿಲ್ಲ. ನಮ್ಮ ಕಾನೂನಿಗೂ ಅದು ಅರ್ಧ ಕಂಡಿದೆ. ೨೦೨೫ರ ನವೆಂಬರಿನಲ್ಲಿ ಜಾರಿಗೆ ಬಂದ, ೨೦೨೦ರ ಸಾಮಾಜಿಕ ಭದ್ರತಾ ಸಂಹಿತೆಯ ಅನುಸೂಚಿಯಲ್ಲಿ ಟ್ಯಾಕ್ಸಿ, ಊಟದ ಡೆಲಿವರಿಗಳ ಜೊತೆಗೆ ಮಾಧ್ಯಮ ಸೇವೆಗಳ ಹೆಸರೂ ಇದೆ. ಕರ್ನಾಟಕ ೨೦೨೫ರಲ್ಲಿ ಮಾಡಿದ ಗಿಗ್ ಕಾರ್ಮಿಕರ ಕಾನೂನಿನ ಅನುಸೂಚಿಯಲ್ಲೂ ಇದೆ. ಆದರೆ ವಿಡಿಯೊ ಮಾಡುವವನು ಇದರಡಿ ಬರುತ್ತಾನೆಂದು ಸ್ಪಷ್ಟವಾಗಿ ಯಾರೂ ಸಾರಿಲ್ಲ. 'ಮಾಧ್ಯಮ' ಎಂಬ ಪದ ಪಟ್ಟಿಯಲ್ಲಿ ಕುಳಿತಿದೆ; ಮಾಧ್ಯಮದ ಆಳು ಬಾಗಿಲಾಚೆ ನಿಂತಿದ್ದಾನೆ.

ಆ ಕರ್ನಾಟಕದ ಕಾನೂನಿನಲ್ಲಿ ಒಳ್ಳೆಯ ಅಂಶವೊಂದಿದೆ. ಕೆಲಸದಿಂದ ತೆಗೆಯುವ ಮುನ್ನ ಬರವಣಿಗೆಯಲ್ಲಿ ಕಾರಣ ಕೊಡಬೇಕು, ಸಾಮಾನ್ಯವಾಗಿ ಹದಿನಾಲ್ಕು ದಿನ ಮುಂಚೆ ತಿಳಿಸಬೇಕು. ವಿಡಿಯೊ ಮಾಡುವವನಿಗೆ ಬೇಕಾದದ್ದೂ ಇದೇ. ಅವನ ಗಳಿಕೆಯನ್ನು ಒಂದು ಯಂತ್ರ ರಾತ್ರೋರಾತ್ರಿ ನಿಲ್ಲಿಸಬಲ್ಲದು. ದಾಸರ ಪದವನ್ನು ತನ್ನದೇ ದನಿಯಲ್ಲಿ ಹಾಡಿದವಳ ಮೇಲೂ ಅದು ಯಾವುದೋ ಧ್ವನಿಮುದ್ರಿಕೆಯ ಹಕ್ಕನ್ನು ತಪ್ಪಾಗಿ ಹೊರಿಸಬಲ್ಲದು. ನಾನೂರು ಐನೂರು ವರ್ಷಗಳ ಹಿಂದಿನ ಪದ ಯಾರಪ್ಪನ ಮನೆಯ ಸ್ವತ್ತೂ ಅಲ್ಲವೆಂದು ಯಂತ್ರಕ್ಕೆ ಹೇಗೆ ಗೊತ್ತಾಗಬೇಕು? ತಕರಾರು ಹಾಕಿದರೆ, ಹಕ್ಕು ಸಾಧಿಸಿದವರಿಗೆ ಉತ್ತರ ಕೊಡಲು ಮೂವತ್ತು ದಿನ ಸಮಯವುಂಟು. ಹಬ್ಬದ ಹಾಡಿನ ಗಳಿಕೆಯೆಲ್ಲ ಹಬ್ಬದ ವಾರದ್ದು. ತೀರ್ಪು ಬರುವಷ್ಟರಲ್ಲಿ ಕೇಳುವವರು ಮುಂದಿನ ಹಬ್ಬಕ್ಕೆ ಹೋಗಿರುತ್ತಾರೆ.

ಹಾಗಾದರೆ ನಾವು ಕೇಳುವುದೇನು? ನಾಲ್ಕೇ ಮಾತು. ಜಾಹೀರಾತು ಬಿದ್ದಲ್ಲೆಲ್ಲ ಪಾಲು ಹುಟ್ಟಬೇಕು. ಪರೀಕ್ಷೆ ಮುಗಿಯುವವರೆಗೆ ಅದು ಠೇವಣಿಯಾಗಿರಬೇಕು. ಲೆಕ್ಕವನ್ನು ಕಂಪೆನಿಯ ಹೊರಗಿನ ಪರಿಶೋಧಕರು ನೋಡಬೇಕು. ಗಳಿಕೆ ನಿಲ್ಲಿಸುವ ಮುನ್ನ ಮನುಷ್ಯನೊಬ್ಬ ನೋಡಿ, ಕನ್ನಡದಲ್ಲಿ ವಿಡಿಯೊ ಮಾಡುವವರಿಗೆ ಕನ್ನಡದಲ್ಲೇ ಕಾರಣ ತಿಳಿಸಬೇಕು. ಈ ಮೂರನ್ನೂ ಕರಾರಿನಲ್ಲಿ ಬಿಟ್ಟುಕೊಡಲಾಗದಂತೆ ಕಾನೂನು ಭದ್ರಪಡಿಸಬೇಕು. ಇವುಗಳಲ್ಲಿ ಯಾವುದೂ ಕಂಪೆನಿಯನ್ನು ಮುಳುಗಿಸುವಂಥದಲ್ಲ. ದುಡಿಯುವವರನ್ನು ಕಡೆಗಣಿಸಿದ ತಾಣ ಏನಾದೀತೆಂಬುದಕ್ಕೆ ವೈನ್ ಎಂಬ ಕಿರುವಿಡಿಯೊ ತಾಣದ ನಿದರ್ಶನವಿದೆ. ೨೦೧೫ರಲ್ಲಿ ಅಲ್ಲಿನ ಹೆಸರಾಂತ ವಿಡಿಯೊಕಾರರು ಸುಮಾರು ಹದಿನೆಂಟು ಮಂದಿ ಒಟ್ಟಾಗಿ ಹೋಗಿ ಪ್ರತಿಫಲ ಕೇಳಿದರು. ಒಪ್ಪಂದವಾಗಲಿಲ್ಲ; ಅವರು ಬೇರೆ ತಾಣಗಳಿಗೆ ನಡೆದರು. ೨೦೧೭ರ ಜನವರಿಯಲ್ಲಿ ವೈನ್ ಮುಚ್ಚಿತು. ಅದೊಂದೇ ಕಾರಣವೆಂದು ಹೇಳಲಾಗದು. ಆದರೆ ಒಕ್ಕಲು ಬಿಟ್ಟ ಹೊಲ ಬೀಳಾಗುತ್ತದೆಂಬುದು ಹೊಸ ಮಾತೇನೂ ಅಲ್ಲ.

ವಿದೇಶದ ಕಂಪೆನಿಯನ್ನು ನಾವು ಬಗ್ಗಿಸಲಾರೆವು ಎಂದು ಕೈಚೆಲ್ಲುವವರಿದ್ದಾರೆ. ೨೦೨೧ರಲ್ಲಿ ಆಸ್ಟ್ರೇಲಿಯ ಕಾನೂನು ಮಾಡಿದ ಮೇಲೆ ಅಲ್ಲಿನ ಪತ್ರಿಕೆಗಳಿಗೆ ಗೂಗಲ್ ಹಣ ಕೊಡಲು ಒಪ್ಪಂದ ಮಾಡಿಕೊಂಡಿತು. ನಮ್ಮ ದೇಶದ ಪತ್ರಿಕಾ ಪ್ರಕಾಶಕರ ಸಂಘವೂ ಜಾಹೀರಾತಿನ ಪಾಲು ನ್ಯಾಯವಾಗಿಲ್ಲವೆಂದು ದೂರು ಕೊಟ್ಟು, ೨೦೨೨ರ ಜನವರಿಯಲ್ಲಿ ಸ್ಪರ್ಧಾ ಆಯೋಗ ತನಿಖೆಗೆ ಆಜ್ಞೆ ಮಾಡಿತು. ಪತ್ರಿಕೆಯ ಒಡೆಯರು ಕೇಳಿದರೆ ಅದು ನ್ಯಾಯದ ಕೂಗು. ಪಂಡಿತರು ಕೇಳಿದರೆ ಅತಿಯಾಸೆ. ಇದೆಂಥ ತಕ್ಕಡಿ? ಪತ್ರಿಕೆಯಲ್ಲೇ ಬರೆಯುತ್ತಿರುವ ನಾನು ಇನ್ನೊಂದು ಮಾತನ್ನೂ ನುಂಗಬಾರದು. ಆಕಾಶವಾಣಿಗೆ ಹತ್ತು ನಿಮಿಷದ ಭಾಷಣಕ್ಕೆ ಹೋದವನಿಗೂ ಮೊದಲೇ ಕರಾರುಪತ್ರ ಬರುತ್ತಿತ್ತು, ಅದರಲ್ಲಿ ಸಂಭಾವನೆಯ ಮೊತ್ತ ನಮೂದಾಗಿರುತ್ತಿತ್ತು. ಮೊತ್ತ ಚಿಕ್ಕದು, ಮರ್ಯಾದೆ ದೊಡ್ಡದು. ಲೇಖಕರಿಗೆ ಆ ಮರ್ಯಾದೆಯನ್ನು ಸಲ್ಲಿಸದ ಪತ್ರಿಕೆಗಳೂ ಪ್ರಕಾಶಕರೂ ನಮ್ಮಲ್ಲಿ ಇಲ್ಲವೆ? ದೂರದ ದೊಡ್ಡವರ ಲೆಕ್ಕ ಕೇಳುವವರು ತಮ್ಮ ಕಣವನ್ನೂ ಗುಡಿಸಿಟ್ಟುಕೊಳ್ಳುವುದು ಒಳ್ಳೆಯದು.

ಮದುವೆಯ ಮನೆಯಿಂದ ಹೊರಡುವಾಗ ಪಂಡಿತರು ತಾಂಬೂಲದ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದರು. ಪಾಠ ನಿಲ್ಲಿಸಿಬಿಡುತ್ತೀರಾ ಎಂದು ಕೇಳಿದೆ. "ನಿಲ್ಲಿಸುವುದು ಹೇಗೆ? ಸಮಾಸ ಇನ್ನೂ ಮುಗಿದಿಲ್ಲ" ಎಂದರು. ಕಂಪೆನಿಗಳಿಗೆ ಬಲ ಕೊಟ್ಟಿರುವುದು ಇಂಥವರ ಈ ಸ್ವಭಾವವೇ. ಅವರು ಸಮಾಸ ಮುಗಿಸದೆ ಬಿಡರು, ಜಾಹೀರಾತು ಬೀಳದೆ ಇರದು. ಕೇಳುವ ನಾವಾದರೂ ಅವರ ಪರವಾಗಿ ಕಣಕ್ಕೆ ಹೋಗಿ ನಿಂತು, ರಾಶಿ ಎಷ್ಟಾಯಿತೆಂದು ಕೇಳಬೇಡವೆ?